ನೀರು ಕುಡಿದ ಹರಳು

ಅವ್ವನ ಓಪಲ್ ಉಂಗುರ ಈಗ ನನ್ನ ಬೆರಳಲ್ಲಿದೆ. ಅವಳು ತೀರಿಕೊಂಡು ತಿಂಗಳಾದರೂ ಹಾಲಿನಂಥ ಆ ಹರಳಿನೊಳಗೆ ಹಸಿರು, ಕೆಂಪು ಹಾಗೇ ಆಡುತ್ತವೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಚಿಕ್ಕವಳಿದ್ದಾಗ, ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಟೈಫಾಯ್ಡ್ ಬಂದು ಮಲಗಿದ್ದಳು. ಬೆರಳು ಸಣಕಲಾಗಿ ಉಂಗುರ ತಾನೇ ಜಾರಿ ಬಿತ್ತು. ಅದನ್ನು ಎತ್ತಿಕೊಂಡ ಅಜ್ಜಿ, "ಹಾಕ್ಕೊಂಡವರ ಜೀವ ಕುಂದಿದ್ರ ಈ ಹರಳು ಬಣ್ಣ ಕಳಕೋತೈತಂತ" ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ಓಪಲ್ಲಿನೊಳಗೆ ನೀರಿರುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ ಎಂದು ಒಡವೆ ಮಾಡುವ ಪತ್ತಾರ ಹಿಂದೊಮ್ಮೆ ಹೇಳಿದ್ದು ನನಗೆ ನೆನಪಿತ್ತು. ಅವ್ವನ ಜೀವ ಒಣಗಬಾರದೆಂದು ಉಂಗುರವನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿಟ್ಟೆ.

ಮಧ್ಯಾಹ್ನ ತೆಗೆದು ನೋಡಿದರೆ ಬಣ್ಣವೇ ಇಲ್ಲ. ಹರಳು ಗಾಜಿನ ಚೂರಿನಂತೆ ಬರಿದಾಗಿತ್ತು. ನನ್ನ ಅಳುವಿಗೆ ಅವ್ವ ಕಣ್ಣು ತೆರೆದಳು.

"ಅವ್ವಾ, ನಾನೇ ನಿನ್ನ ಕೊಂದೆ!"

"ಯಾರಿಗೆ ಹೇಳಾಕತ್ತಿ? ಸತ್ತಾಕಿಗೇನು?" ಅವಳು ನಗಲು ಹೋಗಿ ಕೆಮ್ಮಿದಳು. "ಹುಚ್ಚಿ, ನೀರು ಕುಡದೈತಿ ಅದು. ಅರಿವಿ ಒಗದಾಗೆಲ್ಲ ಹಿಂಗ ಆಗ್ತಿತ್ತು. ಆರಿದ ಮ್ಯಾಲೆ ಬಣ್ಣ ಬರ್ತೈತಿ."

"ಬರಲಿಲ್ಲಂದ್ರ?"

ಅವಳು ನನ್ನ ಬೆರಳುಗಳನ್ನು ಹಿಡಿದು ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು. "ಕಲ್ಲಿಗೇನು ಕೇಳ್ತಿ? ಇಲ್ಲಿ ಕೇಳು."

ಸುಡುವ ಚರ್ಮದ ಕೆಳಗೆ ನಾಡಿ ಬಡಿಯುತ್ತಿತ್ತು. ಅವ್ವ ನಿದ್ದೆಹೋದಳು. ನಾನು ಎಣಿಸುತ್ತ ಕೂತೆ. ನೂರಾದ ಮೇಲೆ ಮತ್ತೆ ಒಂದರಿಂದ. ಸಂಜೆ ಅಜ್ಜಿ, ಉಂಗುರ ಆರಲಿಟ್ಟಿದ್ದ ಕಿಟಕಿಯ ಹತ್ತಿರ ನಿಂತು, "ಹರಳಿಗೆ ಬಣ್ಣ ಬಂತು, ಬಾ ನೋಡು" ಎಂದು ಕರೆದಳು. ಎಣಿಕೆ ತಪ್ಪೀತೆಂದು ನಾನು ತಲೆ ಎತ್ತಲಿಲ್ಲ.