ವರನ ಪುಸ್ತಕಗಳು

ನಿಲಂಗಾದ ಜಗದೇವಪ್ಪನವರು ಟಾಂಗಾದಿಂದ ಇಳಿದರು. ಹಿಂದೆಯೇ ದೊಡ್ಡದೊಂದು ಗಂಟೂ ಇಳಿಯಿತು. ಮದುವೆಯ ದಿನ ಗೊತ್ತುಮಾಡಲು ಬಂದ ಬೀಗರು ತನ್ನ ಮಗಳಿಗೆ ಸೀರೆ ತಂದಿರಬೇಕೆಂದು ಮಾಣಿಕಪ್ಪ ಹಿಗ್ಗಿನಿಂದ ಪಡಸಾಲೆಯಲ್ಲಿ ಕಂಬಳಿ ಹಾಸಿದ. ಗಂಟು ಬಿಚ್ಚಿದರೆ, ತಾನೇ ವರನಿಗೆ ಕೊಡಿಸಿದ್ದ ಕಾಲೇಜು ಪುಸ್ತಕಗಳು!

ನಿಶ್ಚಯದ ದಿನ ಜಗದೇವಪ್ಪನವರು ಬಂಗಾರ ಬೇಡ, ವಾಚು ಬೇಡ, ಸೈಕಲ್ಲೂ ಬೇಡ ಎಂದಿದ್ದರು. “ನಮ್ಮ ಮನ್ಮಥಪ್ಪ ಓದ್ಲಕತ್ತಾನ. ಅವನ ಪುಸ್ತಕ ಅಷ್ಟ ಕೊಡಸ್ರಿ, ಸಾಕು.” ಎಂಥ ದೊಡ್ಡ ಮನಸ್ಸು ಎಂದು ಉದಗೀರದ ಓಣಿಯೆಲ್ಲ ಹೊಗಳಿತ್ತು. ಸೈಕಲ್ಲೇ ಅಗ್ಗವಾಗುತ್ತಿತ್ತೆಂದು ಮಾಣಿಕಪ್ಪನಿಗೆ ತಿಳಿದದ್ದು ಹೈದರಾಬಾದಿನ ಪುಸ್ತಕದಂಗಡಿಯಲ್ಲಿ. ಹೆಂಡತಿ ಗಿರಿಜಾಬಾಯಿಯ ಎಡಗೈಯ ಬಂಗಾರದ ಪಾಟಲಿ ಬಳೆ ಅಲ್ಲಿಯೇ ಕರಗಿತ್ತು.

“ವಾಪಸ್ ಯಾಕ ತಂದೀರಿ, ಬೀಗರೇ?”

“ಏನ್ ಮಾಡೋದ್ರಿ, ರಾಜ್ಯ ಬದಲ ಆಯ್ತಲ್ಲ. ನಮ್ಮ ಊರೆಲ್ಲಾ ಹೈದರಾಬಾದ್ ರಾಜ್ಯ ಬಿಟ್ಟು ಮುಂಬೈ ರಾಜ್ಯಕ್ಕ ಸೇರಿದ್ವು. ಹುಡುಗನ್ನ ಸೊಲ್ಲಾಪುರದ ಕಾಲೇಜಿಗೆ ಹಾಕೀನಿ. ಹೈದರಾಬಾದಿನ ಈ ಪುಸ್ತಕ ಅಲ್ಲಿ ನಡಿಯಂಗಿಲ್ಲಂತ. ಹೊಸಾವು ಕೊಡಸ್ರಿ.”

“ಇವನ್ನ ಮಾರಿದ್ರ...”

“ಯಾರೂ ತಗೋವಲ್ರು. ಕಿರಾಣಿ ಅಂಗಡ್ಯಾಂವ ಒಬ್ಬ ತೂಕಕ್ಕ ಕೇಳ್ದ, ಸಕ್ರಿ ಪೊಟ್ಟಣ ಕಟ್ಲಾಕ. ಸರಸ್ವತಿಗೆ ಅಪಮಾನ ಬ್ಯಾಡ ಅಂತ ನಿಮಗೇ ತಂದೀನಿ.”

ಬಾಗಿಲಲ್ಲಿ ನಿಂತಿದ್ದ ಗಿರಿಜಾಬಾಯಿ ಇನ್ನೊಂದು ಪಾಟಲಿಯಿದ್ದ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿದಳು. ಅದು ಮಾಣಿಕಪ್ಪನ ಕಣ್ಣಿಗೆ ಬಿತ್ತು. ಕೂಡಿದ ಸಂಬಂಧ ಮುರಿದ ಹುಡುಗಿಯ ಮನೆಗೆ ಮತ್ತೆ ಯಾರು ಬರುತ್ತಾರೆ? ಅವನು ಗಂಟಲು ಸರಿಮಾಡಿಕೊಂಡು “ಆಯ್ತ್ರಿ” ಎನ್ನುವಷ್ಟರಲ್ಲಿ ಮಗಳು ಶಿವಕಾಂತಾ ಚಹಾ ತಂದಳು. ಕಪ್ಪುಬಸಿ ಇಟ್ಟವಳು ಒಳಗೆ ಹೋಗಲಿಲ್ಲ.

“ಅಪ್ಪಾ, ನನ್ನ ನಿಶ್ಚಯ ಆದಾಗ ನಾವು ಯಾವ ರಾಜ್ಯದಾಗ ಇದ್ವಿ?”

“ಹೈದರಾಬಾದಿನ್ಯಾಗ. ಯಾಕವ್ವಾ?”

“ಹಂಗಾದ್ರ ಆ ನಿಶ್ಚಯಾನೂ ನಡಿಯಂಗಿಲ್ಲಲ್ಲ. ಪುಸ್ತಕದ ಜೋಡಿ ವರಾನೂ ಹೊಸಾದು ನೋಡ್ರಿ.”

ಜಗದೇವಪ್ಪನವರ ಬಸಿ ತುಟಿಯ ಹತ್ತಿರವೇ ನಿಂತಿತು. ತಂದೆಯಾದವನು ಮಗಳನ್ನು ಗದರಿಸಲಿ ಎಂದು ಅವರು ಮಾಣಿಕಪ್ಪನತ್ತ ನೋಡಿದರು. ಮಾಣಿಕಪ್ಪ ಗದರಿಸಲೆಂದೇ ಬಾಯಿ ತೆರೆದ. ಆಮೇಲೆ ಅಂಗಳದ ಕಡೆ ತಿರುಗಿ ಕೂಗಿದ:

“ಏ ಟಾಂಗಾದವನೇ, ಕುದುರಿ ಬಿಚ್ಚಬ್ಯಾಡೋ! ಇವರು ಚಹಾ ಕುಡದು ಹೊಂಟ್ರು.”