ಬೀರುವಿನೆದುರು ಗಿಟಾರ್

ಫ್ರಿಜ್ಜಿನ ಪ್ಲಗ್ ಕಿತ್ತಳು. ಫ್ಯಾನ್ ಆರಿಸಿದಳು. ಮಲಗುವ ಕೋಣೆಯ ಬಾಗಿಲಿಗೆ ರಜಾಯಿ ಇಳಿಬಿಟ್ಟು, ಬಟ್ಟೆ ತುಂಬಿದ ಬೀರುವನ್ನು ಪೂರಾ ತೆರೆದು, ಅದರೆದುರಿಗೆ ಸ್ಟೂಲ್ ಎಳೆದುಕೊಂಡಳು. ತೂಗುಹಾಕಿದ ಕೋಟುಗಳೂ ಕಂಬಳಿಗಳೂ ಸದ್ದನ್ನು ಕುಡಿದುಬಿಡುತ್ತವೆ, ಕೋಣೆ ಗುಂಯ್ಗುಡುವುದಿಲ್ಲ. ಬಡವರ ಸ್ಟುಡಿಯೋ.

ಫೋನಿಗೆ ಸಿಕ್ಕಿಸುವ ಅಗ್ಗದ ಮೈಕನ್ನು ಪುಸ್ತಕಗಳ ಗುಡ್ಡೆಯ ಮೇಲೆ ನಿಲ್ಲಿಸಿ, ಗಿಟಾರಿನ ಕತ್ತು ಮೈಗೆ ಸೇರುವ ಕಡೆಗೆ ತಿರುಗಿಸಿದಳು. ಮೊದಲೆಲ್ಲ ಗಿಟಾರಿನ ಹೊಟ್ಟೆಯ ತೂತಿನ ನೇರಕ್ಕೇ ಇಡುತ್ತಿದ್ದಳು. "ಅಲ್ಲಿಟ್ಟರೆ ಡೋಲು ಬಡಿದ ಹಾಗಿರುತ್ತೆ ಕಣೆ, ಅಷ್ಟೂ ಗೊತ್ತಾಗಲ್ವಾ?" ಎಂದು ಬಾಗಿಲಲ್ಲಿ ನಿಂತೇ ನಕ್ಕಿದ್ದ ಗಂಡ.

ಅವನು ನಕ್ಕರೆ ನಗಲಿ. ಅವನಿಗೆ ಗೊತ್ತಿತ್ತು. ಒಂದು ಜೀವಮಾನವಿಡೀ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿದವನು. ಹಾಡುವವರು ಉಸಿರೆಳೆದದ್ದರಲ್ಲೂ ತಪ್ಪು ಹಿಡಿಯುತ್ತಿದ್ದ. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಚಿನ್ನದ ಕಿವಿ ಎಂದು. ನಿವೃತ್ತಿಗೆ ಮೊದಲೇ ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಬಂದ. "ಅಲ್ಲೀಗ ಇರೋರೆಲ್ಲ ಕಿವುಡರು," ಎಂದಷ್ಟೇ ಹೇಳಿದ. ಆಮೇಲೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಅಡುಗೆಮನೆಯಿಂದ ಕೂಗಿದರೆ ಓಗೊಡುವುದಿಲ್ಲ. ಎದುರು ಬಂದು ನಿಂತರೆ, "ಎಲ್ಲೋ ನೋಡಿಕೊಂಡು ಮಾತಾಡಬೇಡ," ಎಂದು ಗದರುತ್ತಾನೆ. ಇಷ್ಟು ವರ್ಷದ ಮೇಲೆ ತಾನು ಅವನಿಗೆ ಬೇಡವಾದೆ ಎಂದುಕೊಂಡು ಅವಳು ಗಿಟಾರ್ ಹಿಡಿದಿದ್ದಳು.

ಫೋನ್ ಮಿನುಗಿತು. ತಂಗಿ.

"ಅಕ್ಕ, ಬೀರುವಿನೊಳಗೇ ಸಂಸಾರ ಹೂಡಿದ್ದೀಯಾ ಹೇಗೆ? ಇವತ್ತು ಸಂಜೆಯೊಳಗೆ ಕಳಿಸು. ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ."

ತಂಗಿಯ ಕಚೇರಿಯಲ್ಲಿ ಮಕ್ಕಳ ಕಥೆಗಳನ್ನು ಓದಿ ಧ್ವನಿ ಮುದ್ರಿಸುತ್ತಾರೆ. ಕಥೆಗಳ ನಡುವೆ ಒಂದು ಪುಟ್ಟ ಗಿಟಾರ್ ತುಣುಕು ಬೇಕಾಗಿತ್ತು. ಅದು ಅವರಿಗೆ ಹಿಡಿಸಿದರೆ ಮುಂದಿನ ಎಲ್ಲ ಕಥೆಗಳಿಗೂ ಅವಳದ್ದೇ. ಅವಳು ಮಾಡಿದ ಒಂದು ಕೆಲಸ ಮೊದಲ ಸಲ ಈ ಮನೆಯ ಹೊಸ್ತಿಲು ದಾಟುತ್ತಿತ್ತು.

"ನಿಮ್ಮ ಭಾವ ಒಂದ್ಸಲ ಕೇಳಿ, ಆಗಬಹುದು ಅನ್ನಲಿ."

"ಎಷ್ಟು ಸಲ ಕೇಳಿಸ್ತೀಯ ಅವರಿಗೆ? ಅದು ಹೊಟ್ಟೆಕಿಚ್ಚು ಅಕ್ಕ, ಇನ್ನೇನೂ ಅಲ್ಲ. ಊಟಕ್ಕೆ ಕರೆದರೆ ಕೇಳಿಸಲ್ಲ, ನಿನ್ನ ತಪ್ಪು ಮಾತ್ರ ಚೆನ್ನಾಗಿ ಕೇಳಿಸುತ್ತೆ."

ಅವಳು ನಕ್ಕು ಫೋನಿಟ್ಟಳು. ಹೊಟ್ಟೆಕಿಚ್ಚಲ್ಲ ಎಂದು ಅವಳಿಗೆ ಗೊತ್ತು. ಅವನು ಹೇಳಿದ ತಪ್ಪುಗಳು ಯಾವಾಗಲೂ ಇದ್ದೇ ಇರುತ್ತಿದ್ದವು. ಬೆರಳು ಜಾರುವ ಕಿರುಗುಟ್ಟುವಿಕೆ ಇದೆ ಎಂದಿದ್ದ, ಇತ್ತು. ತಾಳ ಓಡುತ್ತೆ ಎಂದಿದ್ದ, ಓಡುತ್ತಿತ್ತು. ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪುಗಳು. ಒಂದೊಂದನ್ನೂ ಅವಳು ತಿದ್ದಿಕೊಂಡಿದ್ದಳು. ಅವನು ಹೇಳದೆ ಬಿಟ್ಟದ್ದು ಒಂದೇ, ಚೆನ್ನಾಗಿದೆ ಎಂಬ ಮಾತು.

ಶುರು ಮಾಡುವ ಮುಂಚೆ ಬರೀ ಕೋಣೆಯ ಸದ್ದನ್ನು ಬೇರೆಯಾಗಿ ಮುದ್ರಿಸಿಕೊಳ್ಳಬೇಕು. ನುಡಿಸಬಾರದು, ಕದಲಬಾರದು. ಕೋಣೆಯದೇ ಆದ ಆ ಸಣ್ಣ ಗೊರಗೊರವನ್ನು ಆಮೇಲೆ ಫೋನೇ ಗುರುತುಹಿಡಿದು, ನುಡಿಸಿದ್ದರೊಳಗಿಂದ ಹೆಕ್ಕಿ ತೆಗೆದುಬಿಡುತ್ತದೆ. ನಾಲ್ಕು ಉಸಿರಿನಷ್ಟು ಸಾಕಾಗಿತ್ತು. ಅವಳು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಕುಳಿತಳು. ಯಾರೂ ಏನನ್ನೂ ಕೇಳದ, ಯಾರಿಗೂ ಏನನ್ನೂ ಹೇಳಬೇಕಿಲ್ಲದ ಆ ಹೊತ್ತು ಹಿತವಾಗಿತ್ತು.

ಆಮೇಲೆ ನುಡಿಸಿದಳು.

ಈ ಸಲ ಬೆರಳುಗಳು ಅವಳನ್ನು ಕೇಳದೆಯೇ ನಡೆದವು. ಎಲ್ಲೂ ಜಾರಲಿಲ್ಲ, ಎಲ್ಲೂ ಓಡಲಿಲ್ಲ. ಕೊನೆಯ ತಂತಿ ತಾನಾಗಿ ಸುಮ್ಮನಾಗುವವರೆಗೂ ಉಸಿರು ಬಿಗಿಹಿಡಿದಿದ್ದಳು. ಚೆನ್ನಾಗಿದೆ ಎಂದು ಅವಳಿಗೇ ಅನಿಸಿತು. ಅನಿಸಿದ್ದಕ್ಕೆ ಸಣ್ಣ ಭಯವೂ ಆಯಿತು.

ಗಂಡ ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದ. ಅವಳು ಎದುರು ಹೋಗಿ ನಿಂತಳು.

"ರೀ, ಇದೊಂದು ಕೇಳಿ. ಇವತ್ತೇ ಕಳಿಸಬೇಕು."

ಹೆಡ್‌ಫೋನ್ ತೊಡಿಸಿ, ಅವನ ಮುಖವನ್ನೇ ನೋಡುತ್ತ ಪರದೆ ಒತ್ತಿ, ಫೋನನ್ನು ಅವನ ಕೈಗಿತ್ತಳು. ಅವನು ಕಣ್ಣು ಮುಚ್ಚಿದ. ಕೇಳುವಾಗ ಕಣ್ಣು ಮುಚ್ಚುವುದು ಅವನ ಪದ್ಧತಿ. ಕುರ್ಚಿಯ ಕೈಮೇಲೆ ಅವನ ಬೆರಳು ಮೆಲ್ಲಗೆ ತಾಳ ಹಾಕತೊಡಗಿತು. ಅದನ್ನು ನೋಡುತ್ತ ನಿಲ್ಲಲಾರದೆ ಅವಳು ಫ್ರಿಜ್ಜಿನ ಪ್ಲಗ್ ಹಾಕಲು ಒಳಗೆ ಹೋದಳು.

ಬರುವಷ್ಟರಲ್ಲಿ ಅವನು ಹೆಡ್‌ಫೋನ್ ತೆಗೆದು, ಫೋನನ್ನು ಮಗುಚಿಟ್ಟಿದ್ದ.

"ಶುರು ಪರವಾಗಿಲ್ಲ. ನಡುವೆ ಎರಡನೇ ತಂತಿ ಇಳಿದುಬಿಟ್ಟಿದೆ. ಕೊನೆಗೆ ಅದೇ ನಿನ್ನ ಅವಸರ."

"ಇಳಿದಿದೆಯಾ? ಶ್ರುತಿ ನೋಡಿಕೊಂಡೇ ಕೂತಿದ್ದೆ. ಇನ್ನೊಂದ್ಸಲ ಕೇಳ್ತೀರಾ?"

"ನನಗೆ ಎರಡು ಸಲ ಕೇಳಬೇಕಾ? ಇದನ್ನ ಕಳಿಸಿದರೆ ನಿನ್ನ ಮಾನ ಹೋಗೋದು ಹಾಗಿರಲಿ, ನನ್ನ ಹೆಸರೂ ಹೋಗುತ್ತೆ. ಇಂಥವನ ಹೆಂಡತಿ ಅಂತ ಅವರಿಗೆಲ್ಲ ಗೊತ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕನಿಕರವಿತ್ತು. ಸಿಟ್ಟಾಗಿದ್ದರೆ ಅವಳು ಎದುರು ಮಾತಾಡುತ್ತಿದ್ದಳೇನೋ.

ಬೀರುವಿನೆದುರಿನ ಸ್ಟೂಲಿಗೆ ವಾಪಸಾಗಿ ತಂಗಿಗೆ ಬರೆದಳು: ಬೇರೆಯವರಿಗೆ ಕೊಡಲು ಹೇಳು, ನನ್ನ ಕೈಲಿ ಆಗಲಿಲ್ಲ. ತಂಗಿ ಎರಡು ಸಲ ಕರೆ ಮಾಡಿದಳು. ಅವಳು ಎತ್ತಲಿಲ್ಲ. ಹೊತ್ತು ಮುಳುಗುವ ಮುಂಚೆ ಉತ್ತರ ಬಂತು: ಕೊಟ್ಟಾಯ್ತು ಅಕ್ಕ, ಇನ್ನು ಬದಲಾಗಲ್ಲ.

ನಾಳೆ ಕೇಳಿಕೊಂಡು ಕೊರಗುವುದು ಬೇಡವೆಂದು, ತಾನು ನುಡಿಸಿದ್ದನ್ನು ಹುಡುಕಿ ಅಳಿಸಿದಳು. ನಿಜವಾಗಿಯೂ ಅಳಿಸಬೇಕೇ ಎಂದು ಫೋನ್ ಕೇಳಿತು. ಹೌದು ಎಂದು ಒತ್ತಿದಳು.

ಅದು ಹೋದ ಮೇಲೂ, ಗಂಡ ಕೇಳುತ್ತ ಅರ್ಧಕ್ಕೆ ನಿಲ್ಲಿಸಿದ್ದು ಪರದೆಯ ಮೇಲೆ ಹಾಗೇ ಉಳಿದಿತ್ತು: ಅವಳು ನುಡಿಸುವ ಮುಂಚೆ ಮುದ್ರಿಸಿದ್ದ, ಒಂದು ತಂತಿಯೂ ಮಿಡಿಯದ ಬರೀ ಕೋಣೆ.