ಕಡಲೆಕಾಳಿನಷ್ಟು ಪೇಸ್ಟು

ವಾದಕ್ಕೆ ಮೊದಲು, ತಲೆ ಚುರುಕಾಗಿ ಓಡಿಸುವ ಕುತ್ತಿಗೆಯ ಚಿಪ್‌ಗೆ ಎದುರಾಳಿಯೇ ಶಾಖ ಹೀರುವ ಪೇಸ್ಟ್ ಹಚ್ಚುವುದು ಕೋರ್ಟಿನ ಪದ್ಧತಿ. ಯಾರು ಯಾವ ಪೇಸ್ಟ್ ಬಳಸಿದರೆಂಬ ತಕರಾರು ಆಮೇಲೆ ಬರಬಾರದು, ಅಷ್ಟೆ.

ಶಾಂತವ್ವನಿಗೆ ಮೈದುನ ಗುರಪ್ಪ ಹಚ್ಚಿ ಮುಗಿಸಿದ್ದ. ಈಗ ಅವಳ ಸರದಿ. ಗಂಡ ಸತ್ತ ಮರುದಿನವೇ ಅವಳ ಹಿಟ್ಟಿನ ಗಿರಣಿಗೆ ಬೀಗ ಜಡಿದವನು ಇವನೇ. ಪ್ರತಿ ವಾಯಿದೆಗೂ ಅವಳು ಪೇಸ್ಟ್ ಸವರುವಾಗ ಸರಕ್ಕನೆ ಕತ್ತು ಕೊಂಕಿಸುತ್ತಿದ್ದ. ಪೇಸ್ಟಿನೊಳಗೆ ಗಾಳಿಗುಳ್ಳೆ ಉಳಿಯುತ್ತಿತ್ತು. ಗುಳ್ಳೆ ಇದ್ದರೆ ಚಿಪ್ ಸುಡುತ್ತದೆಂದು ಜಡ್ಜ್ ಸಾಹೇಬರು ಕೇಸು ಮುಂದಕ್ಕೆ ಹಾಕುತ್ತಿದ್ದರು; ಗಿರಣಿಯ ಬೀಗ ಹಾಗೇ ಉಳಿಯುತ್ತಿತ್ತು.

"ವೈನಿ, ಕೈ ನಡಗಾಕತ್ತೈತೇನ?" ಗುರಪ್ಪ ಹಲ್ಲು ಕಿರಿದ.

ಶಾಂತವ್ವ ಎಡಗೈಯಿಂದ ಅವನ ಕೂದಲು ಹಿಡಿದು ತಲೆಯನ್ನು ಕಟಕಟೆಗೆ ಒತ್ತಿದಳು. ಕುರಿಯ ಉಣ್ಣೆ ಕತ್ತರಿಸುವವರ ಮನೆಯಲ್ಲಿ ಹುಟ್ಟಿದವಳು. ಮಿಸುಕುವ ಕುತ್ತಿಗೆ ಅವಳಿಗೆ ಹೊಸದಲ್ಲ. ಕಡಲೆಕಾಳಿನಷ್ಟು ಪೇಸ್ಟ್ ಇಟ್ಟು, ಒಂದೂ ಗುಳ್ಳೆಯಿಲ್ಲದಂತೆ ಸವರಿದಳು. ಜವಾನ ಭೂತಗನ್ನಡಿ ಹಿಡಿದು ನೋಡಿ, ಸರಿಯಿದೆಯೆಂದು ತಲೆಯಾಡಿಸಿದ. ಇಬ್ಬರ ಕುತ್ತಿಗೆಗೂ ತಾಮ್ರದ ಬಟ್ಟಲು ಕಟ್ಟಿ, ಚಿಪ್ ತಣ್ಣಗಿಡಲು ಅದಕ್ಕೆ ಸುರಿಯುವ ದ್ರವ ಸಾರಜನಕದ ಕ್ಯಾನ್ ತಂದ. ಮುಚ್ಚಳ ತೆಗೆದದ್ದೇ ಬಿಳಿ ಹೊಗೆ ನೆಲಕ್ಕಿಳಿಯಿತು.

"ಇಷ್ಟ ಚೊಲೋ ಯಾಕ ಹಚ್ಚಿದಿ?" ಗುರಪ್ಪನ ದನಿ ಕುಗ್ಗಿತ್ತು. "ನನ್ನ ತಲಿ ನಿನಗಿಂತ ಜೋರ ಓಡತೈತಿ ಈಗ."

"ಓಡ್ಲಿ," ಎಂದಳು ಶಾಂತವ್ವ. "ಅರ್ಧಾ ತಲಿ ಇಟ್ಕೊಂಡು ಸೋತ್ರ ನಿನಗೇನ ತಿಳೀತೈತಿ? ಇವತ್ತ ಪೂರ್ತಿ ತಿಳೀಬೇಕು."